ಚಿಪ್ ಕಂಪನಿಗಳ ಪೈಪೋಟಿ: ಎಷ್ಟು ಜನ ಎನ್ನುವುದಕ್ಕಿಂತ ಯಾವ ಜನ

2022ರ ಕೊನೆಯಲ್ಲಿ ಇಂಟೆಲ್ ಕಂಪನಿಯಲ್ಲಿ ಸುಮಾರು 1,31,900 ಮಂದಿ ಕೆಲಸ ಮಾಡುತ್ತಿದ್ದರು. 2024ರ ಆಗಸ್ಟ್‌ನಲ್ಲಿ ಕಂಪನಿ ಸುಮಾರು 15,000 ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ ಹೊರನಡೆದರು. 2025ರ ಮಾರ್ಚ್‌ನಲ್ಲಿ ಅಧಿಕಾರ ವಹಿಸಿಕೊಂಡ ಲಿಪ್-ಬು ಟಾನ್, ವರ್ಷಾಂತ್ಯದ ಹೊತ್ತಿಗೆ ಮೂಲ ಕಂಪನಿಯ ಸಿಬ್ಬಂದಿಯನ್ನು 75,000ಕ್ಕೆ ಇಳಿಸುವುದಾಗಿ ಜುಲೈನಲ್ಲಿ ಘೋಷಿಸಿದರು. ಮೊದಲ ಅಂಕಿಯಲ್ಲಿ ಅಂಗಸಂಸ್ಥೆಗಳ ಸಿಬ್ಬಂದಿಯೂ ಸೇರಿರುವುದರಿಂದ ಈ ಎರಡನ್ನು ನೇರವಾಗಿ ಕಳೆದು ಲೆಕ್ಕ ಹಾಕುವುದು ಸರಿಯಲ್ಲ. ಆದರೂ ಮೂರೇ ವರ್ಷಗಳಲ್ಲಿ ಇಷ್ಟು ಕುಗ್ಗಿದ ದೊಡ್ಡ ಚಿಪ್ ಕಂಪನಿ ಮತ್ತೊಂದಿಲ್ಲ ಎನ್ನುವುದಕ್ಕೆ ಅಡ್ಡಿಯಿಲ್ಲ.

ಇದರ ಪಕ್ಕದಲ್ಲಿ ಎನ್ವಿಡಿಯಾದ ಅಂಕಿಗಳನ್ನು ಇಟ್ಟು ನೋಡುವುದು ಈಗ ರೂಢಿಯಾಗಿದೆ. 2025ರ ಜನವರಿಗೆ ಮುಗಿದ ಹಣಕಾಸು ವರ್ಷದಲ್ಲಿ ಸುಮಾರು 36,000 ಸಿಬ್ಬಂದಿಯ ಎನ್ವಿಡಿಯಾ 130.5 ಶತಕೋಟಿ ಡಾಲರ್ ವರಮಾನ ಗಳಿಸಿತು. ಅದರ ಮೂರು ಪಟ್ಟು ಜನರಿದ್ದ ಇಂಟೆಲ್ 2024ರಲ್ಲಿ ಗಳಿಸಿದ್ದು 53 ಶತಕೋಟಿ ಡಾಲರ್. ಅದರ ಮೇಲೆ ಸುಮಾರು 18.8 ಶತಕೋಟಿ ಡಾಲರ್ ನಷ್ಟ. ಈ ಹೋಲಿಕೆಯಿಂದ ಇಂಟೆಲ್‌ನಲ್ಲಿ ಜನ ಹೆಚ್ಚಾಗಿದ್ದರು, ಆದ್ದರಿಂದ ಕಡಿತ ಅನಿವಾರ್ಯವಾಗಿತ್ತು ಎಂಬ ತೀರ್ಮಾನಕ್ಕೆ ಬರುವವರು ಬಹಳ. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಎನ್ವಿಡಿಯಾ ಚಿಪ್‌ಗಳನ್ನು ವಿನ್ಯಾಸ ಮಾಡುತ್ತದೆಯೇ ಹೊರತು ತಯಾರಿಸುವುದಿಲ್ಲ. ಅದರ ಚಿಪ್‌ಗಳು ರೂಪ ತಳೆಯುವುದು ಮುಖ್ಯವಾಗಿ ತೈವಾನ್‌ನ ಟಿಎಸ್‌ಎಂಸಿ ಕಾರ್ಖಾನೆಗಳಲ್ಲಿ, ಮತ್ತು ಆ ಕಂಪನಿಯಲ್ಲಿ 80 ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಇಂಟೆಲ್ ಈ ಎರಡೂ ಕೆಲಸಗಳನ್ನು ಒಂದೇ ಸೂರಿನಡಿ ಮಾಡುವ ಕಂಪನಿ. ಹೀಗಾಗಿ ಅಲ್ಲಿಂದ ಎಷ್ಟು ಜನ ಹೋದರು ಎಂಬ ಪ್ರಶ್ನೆಗಿಂತ, ಹೋದವರು ವಿನ್ಯಾಸದ ಕಡೆಯವರೋ ತಯಾರಿಕೆಯ ಕಡೆಯವರೋ ಎಂಬ ಪ್ರಶ್ನೆಗೆ ತೂಕ ಹೆಚ್ಚು. ಈ ಎರಡು ಬಗೆಯ ಜ್ಞಾನ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗುವ ರೀತಿಯೇ ಬೇರೆ ಬೇರೆ.

ವಿನ್ಯಾಸದ ಜ್ಞಾನ ಬಹುಮಟ್ಟಿಗೆ ವ್ಯಕ್ತಿಯ ಜೊತೆಗೇ ಹೋಗುತ್ತದೆ. ಪ್ರೊಸೆಸರ್ ವಿನ್ಯಾಸಕ ಜಿಮ್ ಕೆಲ್ಲರ್ ಅವರ ವೃತ್ತಿಜೀವನ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಡಿಇಸಿ ಎಂಬ ಹಳೆಯ ಕಂಪ್ಯೂಟರ್ ಕಂಪನಿಯಲ್ಲಿ ಆಲ್ಫಾ ಪ್ರೊಸೆಸರ್‌ಗಳ ಮೇಲೆ ಕೆಲಸ ಮಾಡಿದ ಅವರು ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಗೆ ಬಂದರು, ಮುಂದೆ ಆ್ಯಪಲ್‌ಗೆ ಹೋದರು, 2012ರಲ್ಲಿ ಮತ್ತೆ ಎಎಂಡಿಗೆ ಮರಳಿ ಅದರ ಹೊಸ ಪ್ರೊಸೆಸರ್ ವಿನ್ಯಾಸವಾದ ಝೆನ್ ರೂಪುಗೊಂಡ ವರ್ಷಗಳಲ್ಲಿ ಅಲ್ಲಿದ್ದರು, ಆಮೇಲೆ ಟೆಸ್ಲಾ, 2018ರಿಂದ 2020ರವರೆಗೆ ಇಂಟೆಲ್, ಈಗ ಟೆನ್ಸ್‌ಟೊರೆಂಟ್ ಎಂಬ ಎಐ ಚಿಪ್ ಕಂಪನಿ. ಗ್ರಾಫಿಕ್ಸ್ ಚಿಪ್ ವಿನ್ಯಾಸಕ ರಾಜಾ ಕೊಡೂರಿ ಎಎಂಡಿಯಿಂದ ಆ್ಯಪಲ್‌ಗೆ, ಅಲ್ಲಿಂದ ಮತ್ತೆ ಎಎಂಡಿಗೆ, 2017ರಲ್ಲಿ ಇಂಟೆಲ್‌ಗೆ ಹೋಗಿ 2023ರಲ್ಲಿ ಅದನ್ನೂ ಬಿಟ್ಟರು. ಗ್ರಾಫಿಕ್ಸ್ ಮತ್ತು ಪ್ರೊಸೆಸರ್ ವಿನ್ಯಾಸದ ಲೋಕದಲ್ಲಿ ಪ್ರತಿಸ್ಪರ್ಧಿಯ ಮನೆಯಲ್ಲಿ ಕೆಲಕಾಲ ಇದ್ದು ಬರುವುದು ಅಪರೂಪವೇನಲ್ಲ. ಎನ್ವಿಡಿಯಾವನ್ನು 1993ರಲ್ಲಿ ಸ್ಥಾಪಿಸಿದವರಲ್ಲಿ ಒಬ್ಬರಾದ ಜೆನ್ಸನ್ ಹುವಾಂಗ್ ಕೂಡ ಅದಕ್ಕೂ ಮೊದಲು ಎಎಂಡಿಯಲ್ಲಿ ಮೈಕ್ರೊಪ್ರೊಸೆಸರ್ ವಿನ್ಯಾಸಗಾರರಾಗಿದ್ದವರು.

ಆದರೆ ಕೆಲ್ಲರ್ ಅವರಂಥವರ ಖ್ಯಾತಿಯ ಬೆಳಕಿನಲ್ಲಿ ಮರೆಯಾಗುವ ಒಂದು ಸಂಗತಿ ಇದೆ. ಝೆನ್‌ನ ಪ್ರಧಾನ ವಿನ್ಯಾಸಕರಾದ ಮೈಕ್ ಕ್ಲಾರ್ಕ್ 1993ರಲ್ಲಿ ಎಎಂಡಿ ಸೇರಿದವರು. ಕಂಪನಿಯ ಅತ್ಯಂತ ಕೆಟ್ಟ ದಿನಗಳಲ್ಲೂ ಅಲ್ಲೇ ಉಳಿದರು. ಆ ದಿನಗಳು ಎಷ್ಟು ಕೆಟ್ಟದಾಗಿದ್ದವು ಎಂದರೆ, ಎಎಂಡಿ 2012ರಲ್ಲಿ ಸುಮಾರು ನೂರಕ್ಕೆ 15ರಷ್ಟು, 2014ರಲ್ಲಿ ಇನ್ನೂ ನೂರಕ್ಕೆ 7ರಷ್ಟು ಸಿಬ್ಬಂದಿಯನ್ನು ಕೈಬಿಟ್ಟಿತ್ತು. ಲಿಸಾ ಸು 2014ರ ಅಕ್ಟೋಬರ್‌ನಲ್ಲಿ ಮುಖ್ಯಸ್ಥೆಯಾದ ಸ್ವಲ್ಪ ಸಮಯದಲ್ಲೇ ಕಂಪನಿಯ ಜನಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿಳಿಯಿತು, 2015ರಲ್ಲಿ ಅದರ ಷೇರಿನ ಬೆಲೆ ಎರಡು ಡಾಲರ್‌ಗೂ ಕಡಿಮೆಯಾಗಿತ್ತು. ಆಗ ಇಂಟೆಲ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅಂಥ ಎಎಂಡಿ 2017ರಲ್ಲಿ ಝೆನ್ ಆಧಾರಿತ ರೈಜನ್ ಪ್ರೊಸೆಸರ್‌ಗಳೊಂದಿಗೆ ಮರಳಿ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಸರ್ವರ್ ಮಾರುಕಟ್ಟೆಯಲ್ಲೂ ಇಂಟೆಲ್‌ನ ಪಾಲನ್ನು ಕಸಿಯತೊಡಗಿತು. ಅಂದರೆ ಉದ್ಯೋಗ ಕಡಿತವೇ ಸೋಲಿನ ಗುರುತಲ್ಲ. ಅಳಿದುಳಿದವರಲ್ಲಿ ಒಂದು ಹೊಸ ಪ್ರೊಸೆಸರನ್ನು ಮೊದಲಿನಿಂದ ಕೊನೆಯವರೆಗೆ ಕಲ್ಪಿಸಬಲ್ಲ ಕೆಲವು ನೂರು ಮಂದಿ ಇದ್ದರೆ, ಮತ್ತು ಅವರಿಗೆ ನಾಲ್ಕೈದು ವರ್ಷ ಸಮಯ ಕೊಟ್ಟರೆ, ವಿನ್ಯಾಸ ಕಂಪನಿಯೊಂದು ಎದ್ದು ನಿಲ್ಲಬಹುದು.

ಇದರಲ್ಲಿ ಎಎಂಡಿಗೆ ಒಂದು ಅನುಕೂಲವಿತ್ತು. ಅದು 2009ರಲ್ಲೇ ತನ್ನ ಕಾರ್ಖಾನೆಗಳನ್ನು ಬೇರ್ಪಡಿಸಿ ಗ್ಲೋಬಲ್‌ಫೌಂಡ್ರೀಸ್ ಎಂಬ ಪ್ರತ್ಯೇಕ ಕಂಪನಿಯಾಗಲು ಬಿಟ್ಟಿತ್ತು. 2018ರ ಆಗಸ್ಟ್‌ನಲ್ಲಿ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೊಮೀಟರ್ ತಂತ್ರಜ್ಞಾನದ (ಈ ಸಂಖ್ಯೆ ಕಡಿಮೆಯಾದಷ್ಟೂ ತಯಾರಿಕೆಯ ತಲೆಮಾರು ಹೊಸತು) ಕೆಲಸವನ್ನು ನಿಲ್ಲಿಸಿದಾಗ ಎಎಂಡಿ ತನ್ನ ಮುಂಚೂಣಿ ಚಿಪ್‌ಗಳನ್ನು ಟಿಎಸ್‌ಎಂಸಿಗೆ ಒಯ್ದಿತು. ತಯಾರಿಕೆಯ ಕಷ್ಟವನ್ನು ಅದು ಬೇರೆಯವರ ಹೆಗಲಿಗೆ ದಾಟಿಸಿತ್ತು. ಇಂಟೆಲ್‌ಗೆ ಆ ಹೆಗಲು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ, ಏಕೆಂದರೆ ಮೂರು ದಶಕಗಳ ಕಾಲ ಜಗತ್ತಿನ ಅತ್ಯುತ್ತಮ ತಯಾರಕ ಅದೇ ಆಗಿತ್ತು.

ತಯಾರಿಕೆಯ ಜ್ಞಾನ ಹೇಗಿರುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಆಧುನಿಕ ಪ್ರೊಸೆಸರ್ ಆಗಬೇಕಾದ 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ವೇಫರ್ (ಚಿಪ್‌ಗಳು ಮೂಡುವ ತೆಳು ಬಿಲ್ಲೆ) ಮೂರು ತಿಂಗಳ ಆಸುಪಾಸಿನ ಅವಧಿಯಲ್ಲಿ ಸಾವಿರದಷ್ಟು ಹಂತಗಳನ್ನು ದಾಟುತ್ತದೆ. ಅವುಗಳಲ್ಲಿ ಒಂದು, ಪ್ಲಾಸ್ಮಾ ಬಳಸಿ ವೇಫರ್ ಮೇಲೆ ಸೂಕ್ಷ್ಮ ಗೆರೆಗಳನ್ನು ಕೊರೆಯುವುದು. ಈ ಯಂತ್ರದ ಕೋಣೆಯ ಒಳಗೋಡೆಗಳ ಮೇಲೆ ಕೆಲಸ ನಡೆದಂತೆಲ್ಲ ರಾಸಾಯನಿಕಗಳ ತೆಳುವಾದ ಪದರ ಕಟ್ಟುತ್ತದೆ. ಇಂತಿಷ್ಟು ವೇಫರ್‌ಗಳಾದ ಮೇಲೆ ಕೋಣೆಯನ್ನು ತೆರೆದು ತೊಳೆಯಲೇಬೇಕು. ಆದರೆ ತೊಳೆದ ಕೂಡಲೇ ಒಳಹೋಗುವ ವೇಫರ್‌ಗಳ ಮೇಲೆ ಕೊರೆತದ ವೇಗವೇ ಬೇರೆಯಾಗುತ್ತದೆ, ಏಕೆಂದರೆ ಸ್ವಚ್ಛ ಗೋಡೆ ಪ್ಲಾಸ್ಮಾದೊಂದಿಗೆ ವರ್ತಿಸುವ ರೀತಿ ಬೇರೆ. ಆದ್ದರಿಂದ ಮಾರಾಟಕ್ಕಲ್ಲದ ಡಮ್ಮಿ ವೇಫರ್‌ಗಳನ್ನು ಒಂದರ ಹಿಂದೊಂದು ಒಳಗೆ ಕಳಿಸಿ, ಗೋಡೆಗಳ ಮೇಲೆ ಮತ್ತೆ ಪದರ ಕಟ್ಟಿಸಿ, ಯಂತ್ರವನ್ನು ಹದಕ್ಕೆ ತರುತ್ತಾರೆ. ಎಷ್ಟು ಡಮ್ಮಿ ವೇಫರ್ ಬೇಕು, ಒಂದೇ ಮಾದರಿಯ ಹತ್ತು ಯಂತ್ರಗಳಲ್ಲಿ ಯಾವುದು ನಿಧಾನವಾಗಿ ಹದಕ್ಕೆ ಬರುತ್ತದೆ, ಯಾವ ಬಿಡಿಭಾಗ ಬದಲಿಸಿದ ಮೇಲೆ ಅದರ ನಡತೆ ಬದಲಾಯಿತು ಎಂಬುದೆಲ್ಲ ಅದೇ ಯಂತ್ರಗಳ ಮುಂದೆ ವರ್ಷಗಟ್ಟಲೆ ಪಾಳಿ ಮಾಡಿದವರಿಗೆ ಗೊತ್ತಿರುತ್ತದೆ. ಕೈಪಿಡಿಯಲ್ಲಿ ಬರೆದಿಟ್ಟರೂ ಅದರ ಒಂದಂಶ ಮಾತ್ರ ಬರಹಕ್ಕೆ ಸಿಗುತ್ತದೆ.

ಹೀಗೆ ಸಾವಿರ ಹಂತಗಳು. ಪ್ರತಿ ಹಂತವೂ ನೂರಕ್ಕೆ 99.9ರಷ್ಟು ನಿಖರವಾಗಿದ್ದರೂ, ದೋಷಗಳು ಒಂದರ ಮೇಲೊಂದು ಕೂಡುತ್ತ ಹೋಗಿ ಕೊನೆಯಲ್ಲಿ ಸರಿಯಾಗಿ ಹೊರಬರುವುದು ನೂರಕ್ಕೆ 37ರಷ್ಟು ಮಾತ್ರ ಎಂದು ಗುಣಿಸಿ ನೋಡಬಹುದು. ಒಂದು ವೇಫರ್‌ನಲ್ಲಿ ಎಷ್ಟು ಚಿಪ್‌ಗಳು ಕೆಲಸಕ್ಕೆ ಬರುತ್ತವೆ ಎಂಬ ಈ ಪ್ರಮಾಣವನ್ನೇ ಉದ್ಯಮದವರು ಯೀಲ್ಡ್ ಎನ್ನುತ್ತಾರೆ, ಲಾಭ ನಷ್ಟಗಳೆರಡೂ ಅದರಲ್ಲೇ ಅಡಗಿರುತ್ತವೆ. ಅದನ್ನು ಮೇಲೆತ್ತುವುದು ಒಬ್ಬ ಮೇಧಾವಿಯ ಕೆಲಸವಲ್ಲ. ಕೊರೆತದವರು, ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೊಗ್ರಫಿಯವರು, ಅಳತೆಯವರು, ಯಂತ್ರ ಪೂರೈಸಿದ ಕಂಪನಿಯ ತಂತ್ರಜ್ಞರು ಎಲ್ಲರೂ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವಷ್ಟು ಕಾಲ ಜೊತೆಯಾಗಿದ್ದಾಗ ಮಾತ್ರ ಅದು ಸಾಧ್ಯ.

ಇಂಟೆಲ್‌ನ ಸಂಕಷ್ಟ ಶುರುವಾಗಿದ್ದು ಇಲ್ಲಿಯೇ. 2016ರ ಹೊತ್ತಿಗೆ ಬರಬೇಕಿದ್ದ ಅದರ 10 ನ್ಯಾನೊಮೀಟರ್ ತಂತ್ರಜ್ಞಾನ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 2020ರ ಜುಲೈನಲ್ಲಿ 7 ನ್ಯಾನೊಮೀಟರ್ ಕೂಡ ತಡವಾಗುತ್ತದೆ ಎಂದು ಕಂಪನಿ ಒಪ್ಪಿಕೊಂಡಿತು. ಈ ವಿಳಂಬಕ್ಕೆ ತಾಂತ್ರಿಕ ಕಾರಣಗಳಿವೆ; ಅತಿ ಕಿರು ತರಂಗಾಂತರದ ಬೆಳಕು ಬಳಸುವ ಇಯುವಿ ಯಂತ್ರಗಳನ್ನು ಕಾಯದೆ ಹಳೆಯ ಲಿಥೊಗ್ರಫಿಯಲ್ಲೇ ಅತಿ ಸೂಕ್ಷ್ಮ ಗೆರೆಗಳನ್ನು ಮೂಡಿಸಲು ಹೊರಟದ್ದು ಅವುಗಳಲ್ಲಿ ಮುಖ್ಯವಾದುದು. ಆದರೆ ಇದೇ ಅವಧಿಯ ನಡುವೆ, 2016ರಲ್ಲಿ, ಬ್ರಯಾನ್ ಕ್ರಝಾನಿಚ್ ಮುಖ್ಯಸ್ಥರಾಗಿದ್ದಾಗ ಕಂಪನಿ 12,000 ಹುದ್ದೆಗಳನ್ನು ಕಡಿತ ಮಾಡಿತು ಎಂಬುದನ್ನೂ ಮರೆಯಬಾರದು. ಅನುಭವಿಗಳಿಗೆ ಹಣ ಕೊಟ್ಟು ಸ್ವಯಂ ನಿವೃತ್ತಿಗೆ ಒಪ್ಪಿಸುವ ಇಂಥ ಯೋಜನೆಗಳು ಲೆಕ್ಕಪತ್ರದಲ್ಲಿ ಉಳಿತಾಯವಾಗಿ ಕಾಣುತ್ತವೆ. ಹೆಚ್ಚು ಸಂಬಳದ, ಹೆಚ್ಚು ವರ್ಷಗಳ ಸೇವೆಯ ಮಂದಿಯೇ ಮೊದಲು ಹೊರಡುವುದರಿಂದ ಕಾರ್ಖಾನೆಯ ನೆನಪೂ ಅವರ ಜೊತೆ ಹೊರಡುತ್ತದೆ, ಅದರ ಬೆಲೆ ಯಾವ ತ್ರೈಮಾಸಿಕ ವರದಿಯಲ್ಲೂ ನಮೂದಾಗುವುದಿಲ್ಲ.

ಇಂಟೆಲ್ ಎಡವಿದ ಅದೇ ವರ್ಷಗಳಲ್ಲಿ ಟಿಎಸ್‌ಎಂಸಿ ಏನು ಮಾಡುತ್ತಿತ್ತು? 2014ರ ಸುಮಾರಿಗೆ ಅದು ತನ್ನ 10 ನ್ಯಾನೊಮೀಟರ್ ಸಂಶೋಧನೆಯನ್ನು ದಿನದ 24 ಗಂಟೆಯೂ ನಡೆಯುವಂತೆ ಮೂರು ಪಾಳಿಗಳಿಗೆ ಹಂಚಿತು. ಕಾರ್ಖಾನೆಯಲ್ಲಿ ಪಾಳಿ ಸಹಜ. ಸಂಶೋಧಕರನ್ನೂ ರಾತ್ರಿ ಪಾಳಿಗೆ ಹಾಕಿ, ಅದಕ್ಕೆ ಹೆಚ್ಚುವರಿ ವೇತನ ಕೊಟ್ಟದ್ದು ಹೊಸತು. ಎಂಜಿನಿಯರ್‌ಗಳ ಬದುಕಿನ ಮೇಲೆ ಅದು ಹೊರಿಸಿದ ಭಾರವನ್ನು ಹೊಗಳಬೇಕಾಗಿಲ್ಲ, ಆದರೆ ಪ್ರಯೋಗವೊಂದರ ಫಲಿತಾಂಶಕ್ಕೆ ಬೆಳಗಿನವರೆಗೆ ಕಾಯುವ ಅಗತ್ಯ ಇಲ್ಲದಿದ್ದಾಗ ಕಲಿಕೆಯ ವೇಗ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಹಾಗಾದರೆ ತಯಾರಿಕೆಯ ಜ್ಞಾನವನ್ನು ಪ್ರತಿಸ್ಪರ್ಧಿಯಿಂದ ಸೆಳೆಯಲು ಆಗುವುದೇ ಇಲ್ಲವೇ? ಆಗುತ್ತದೆ ಎನ್ನಲು ಟಿಎಸ್‌ಎಂಸಿಯ ಹಿರಿಯ ಸಂಶೋಧಕರಾಗಿದ್ದ ಲಿಯಾಂಗ್ ಮೊಂಗ್-ಸೊಂಗ್ ಅವರೇ ಸಾಕ್ಷಿ. 2009ರಲ್ಲಿ ಟಿಎಸ್‌ಎಂಸಿ ಬಿಟ್ಟ ಅವರು 2011ರಲ್ಲಿ ಸ್ಯಾಮ್‌ಸಂಗ್ ಸೇರಿದರು. ಟಿಎಸ್‌ಎಂಸಿ ಮೊಕದ್ದಮೆ ಹೂಡಿತು, 2015ರಲ್ಲಿ ತೈವಾನ್‌ನ ಸರ್ವೋಚ್ಚ ನ್ಯಾಯಾಲಯ ಟಿಎಸ್‌ಎಂಸಿಯ ಪರವಾಗಿ ತೀರ್ಪಿತ್ತಿತು. ಆ ಹೊತ್ತಿಗಾಗಲೇ ಸ್ಯಾಮ್‌ಸಂಗ್‌ನ 14 ನ್ಯಾನೊಮೀಟರ್ ತಂತ್ರಜ್ಞಾನ ಸಿದ್ಧವಾಗಿ, ಐಫೋನಿನ ಎ9 ಚಿಪ್ ತಯಾರಿಸುವ ಆರ್ಡರಿನ ಒಂದು ಪಾಲು ಅದಕ್ಕೆ ಸಿಕ್ಕಿತ್ತು. 2017ರಲ್ಲಿ ಲಿಯಾಂಗ್ ಚೀನಾದ ಎಸ್‌ಎಂಐಸಿ ಕಂಪನಿಯ ಸಹ ಮುಖ್ಯಸ್ಥರಾದರು. ಎರಡು ವರ್ಷಗಳ ಬಳಿಕ ಅಲ್ಲಿಯೂ 14 ನ್ಯಾನೊಮೀಟರ್ ತಯಾರಿಕೆ ಆರಂಭವಾಯಿತು, 2023ರಲ್ಲಿ ಹುವಾವೇ ಫೋನೊಂದರಲ್ಲಿ ಎಸ್‌ಎಂಐಸಿಯ 7 ನ್ಯಾನೊಮೀಟರ್ ಚಿಪ್ ಪತ್ತೆಯಾಗಿ ವಾಷಿಂಗ್ಟನ್ ಬೆಚ್ಚಿತು.

ಇದನ್ನಷ್ಟೇ ನೋಡಿದರೆ ಒಬ್ಬ ಸಮರ್ಥ ವ್ಯಕ್ತಿಯನ್ನು ಕರೆತಂದರೆ ಸಾಕು ಎನಿಸಬಹುದು. ಹಾಗಲ್ಲ ಎಂಬುದಕ್ಕೆ ವುಹಾನ್‌ನ ಎಚ್‌ಎಸ್‌ಎಂಸಿ ಯೋಜನೆ ಇದೆ. ಟಿಎಸ್‌ಎಂಸಿಯ ಸಂಶೋಧನೆಯನ್ನು ವರ್ಷಗಳ ಕಾಲ ಮುನ್ನಡೆಸಿದ್ದ ಚಿಯಾಂಗ್ ಶಾಂಗ್-ಯಿ ಅವರನ್ನೇ 2019ರಲ್ಲಿ ಮುಖ್ಯಸ್ಥರನ್ನಾಗಿ ಕರೆತಂದ, ಶತಕೋಟಿಗಟ್ಟಲೆ ಯುವಾನ್ ಹೂಡಿಕೆಯ ಭರವಸೆ ಇದ್ದ ಆ ಕಂಪನಿ ಒಂದೂ ಚಿಪ್ ಮಾರದೆ 2021ರಲ್ಲಿ ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಸ್ಯಾಮ್‌ಸಂಗ್ ಮತ್ತು ಎಸ್‌ಎಂಐಸಿಯಲ್ಲಿ ಲಿಯಾಂಗ್ ಬರುವ ಮೊದಲೇ ಸಾವಿರಾರು ಪಳಗಿದ ಎಂಜಿನಿಯರ್‌ಗಳೂ ಓಡುತ್ತಿರುವ ಕಾರ್ಖಾನೆಗಳೂ ಇದ್ದವು. ಅವರಿಗೆ ಬೇಕಿದ್ದದ್ದು ಯಾವ ದಾರಿ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವವರು. ವುಹಾನ್‌ನಲ್ಲಿ ದಾರಿ ತೋರುವವರಿದ್ದರು, ನಡೆಯುವ ಕಾಲುಗಳಿರಲಿಲ್ಲ.

ಕಾನೂನುಗಳು ಎಲ್ಲಿ ಬಿಗಿಯಾಗಿವೆ, ಎಲ್ಲಿ ಸಡಿಲವಾಗಿವೆ ಎಂಬುದನ್ನು ನೋಡಿದರೂ ಇದೇ ವ್ಯತ್ಯಾಸ ಕಾಣುತ್ತದೆ. ವಿನ್ಯಾಸದ ತವರಾದ ಕ್ಯಾಲಿಫೋರ್ನಿಯಾದಲ್ಲಿ, ಕೆಲಸ ಬಿಟ್ಟ ಉದ್ಯೋಗಿ ಪ್ರತಿಸ್ಪರ್ಧಿಯನ್ನು ಸೇರಬಾರದು ಎಂಬ ಕರಾರಿಗೆ 1872ರಿಂದಲೂ ಕಾನೂನಿನ ಮಾನ್ಯತೆ ಇಲ್ಲ. 1957ರಲ್ಲಿ ವಿಲಿಯಂ ಶಾಕ್ಲಿ ಅವರ ಪ್ರಯೋಗಾಲಯ ಬಿಟ್ಟ ಎಂಟು ಮಂದಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಆ ಎಂಟರಲ್ಲಿ ಇಬ್ಬರಾದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಸ್ಥಾಪಿಸಿದರು. ಮರುವರ್ಷ ಫೇರ್‌ಚೈಲ್ಡ್‌ನಲ್ಲೇ ಇದ್ದ ಜೆರ್ರಿ ಸ್ಯಾಂಡರ್ಸ್ ಮತ್ತು ಸಂಗಡಿಗರು ಎಎಂಡಿ ಆರಂಭಿಸಿದರು. ಈಗ ಪರಸ್ಪರ ಪೈಪೋಟಿ ನಡೆಸುವ ಈ ಕಂಪನಿಗಳು ಹುಟ್ಟಿದ್ದೇ ನೌಕರರು ಮಾಲೀಕನನ್ನು ಬಿಟ್ಟುಹೋದದ್ದರಿಂದ. ದೊಡ್ಡವರಾದ ಮೇಲೆ ಅವರಿಗೆ ಆ ಸ್ವಾತಂತ್ರ್ಯ ರುಚಿಸಲಿಲ್ಲ ಎಂಬುದು ಬೇರೆ ಮಾತು. ಪರಸ್ಪರರ ನೌಕರರನ್ನು ಸೆಳೆಯಬಾರದೆಂದು ಒಳ ಒಪ್ಪಂದ ಮಾಡಿಕೊಂಡಿದ್ದಕ್ಕಾಗಿ ಅಮೆರಿಕದ ನ್ಯಾಯ ಇಲಾಖೆ 2010ರಲ್ಲಿ ಕ್ರಮ ಕೈಗೊಂಡ ಕಂಪನಿಗಳಲ್ಲಿ ಇಂಟೆಲ್ ಕೂಡ ಇತ್ತು. ನೌಕರರು ಹೂಡಿದ ದಾವೆಯಲ್ಲಿ ಆ್ಯಪಲ್, ಗೂಗಲ್, ಇಂಟೆಲ್ ಮತ್ತು ಅಡೋಬಿ ಸೇರಿ 2015ರಲ್ಲಿ 415 ದಶಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು.

ತಯಾರಿಕೆಯ ನೆಲವಾದ ತೈವಾನ್‌ನಲ್ಲಿ ಗಾಳಿ ಬೀಸುತ್ತಿರುವುದು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಅಲ್ಲಿ 2022ರಲ್ಲಿ ತಿದ್ದುಪಡಿಯಾದ ರಾಷ್ಟ್ರೀಯ ಭದ್ರತಾ ಕಾಯ್ದೆಯ ಪ್ರಕಾರ, ದೇಶದ ಪ್ರಮುಖ ತಂತ್ರಜ್ಞಾನದ ರಹಸ್ಯವನ್ನು ವಿದೇಶಿ ಶಕ್ತಿಗಳಿಗೆ ದಾಟಿಸಿದವರಿಗೆ 12 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. 2025ರ ಆಗಸ್ಟ್‌ನಲ್ಲಿ 2 ನ್ಯಾನೊಮೀಟರ್ ತಂತ್ರಜ್ಞಾನದ ಮಾಹಿತಿ ಸೋರಿಕೆಯ ಆರೋಪದ ಮೇಲೆ ಬಂಧನಗಳಾದವು. ಅದೇ ವರ್ಷ ನವೆಂಬರ್‌ನಲ್ಲಿ ಟಿಎಸ್‌ಎಂಸಿ, ಜುಲೈನಲ್ಲಷ್ಟೇ ನಿವೃತ್ತರಾಗಿ ಇಂಟೆಲ್ ಸೇರಿದ್ದ ತನ್ನ ಹಿರಿಯ ಉಪಾಧ್ಯಕ್ಷ ಲೊ ವೇ-ಜೆನ್ ವಿರುದ್ಧ ಮೊಕದ್ದಮೆ ಹೂಡಿತು. ರಹಸ್ಯಗಳನ್ನು ಒಯ್ದಿದ್ದಾರೆಂಬ ಆರೋಪವನ್ನು ಇಂಟೆಲ್ ನಿರಾಕರಿಸಿತು. ಲೊ 2004ರಲ್ಲಿ ಟಿಎಸ್‌ಎಂಸಿ ಸೇರುವ ಮೊದಲು ಇಂಟೆಲ್‌ನಲ್ಲೇ ಇದ್ದವರು ಎಂಬುದು ಈ ಪ್ರಕರಣದ ವಿಚಿತ್ರ. ಅಂದು ಆ ದಿಕ್ಕಿನ ಪ್ರಯಾಣ ಯಾರಿಗೂ ರಾಷ್ಟ್ರೀಯ ಭದ್ರತೆಯ ವಿಷಯವಾಗಿ ಕಂಡಿರಲಿಲ್ಲ.

ಅಮೆರಿಕ ಕೂಡ ಚೀನಾದ ವಿಷಯ ಬಂದಾಗ ತನ್ನ ಉದಾರ ನಿಲುವನ್ನು ಬದಿಗಿಟ್ಟಿದೆ. 2022ರ ಅಕ್ಟೋಬರ್ 7ರಂದು ಹೊರಡಿಸಿದ ರಫ್ತು ನಿಯಮಗಳು ಯಂತ್ರಗಳಿಗಷ್ಟೇ ಅಲ್ಲ, ಮನುಷ್ಯರಿಗೂ ಅನ್ವಯಿಸಿದವು: ಅಮೆರಿಕದ ಪೌರರು ಮತ್ತು ಕಾಯಂ ನಿವಾಸಿಗಳು ಪರವಾನಗಿ ಇಲ್ಲದೆ ಚೀನಾದ ಮುಂದುವರಿದ ಚಿಪ್ ಕಾರ್ಖಾನೆಗಳಿಗೆ ನೆರವಾಗುವಂತಿಲ್ಲ. ಚೀನಾದ ಕಂಪನಿಗಳಲ್ಲಿ ಉನ್ನತ ಹುದ್ದೆಯಲ್ಲಿದ್ದ ಅನೇಕರು ಕೆಲಸ ಇಲ್ಲವೇ ಪೌರತ್ವ ಎಂಬ ಆಯ್ಕೆಯ ಮುಂದೆ ನಿಲ್ಲಬೇಕಾಯಿತು.

ಹಣ ಸುರಿದರೂ ತಂಡ ಕೂಡಲೇ ಹುಟ್ಟುವುದಿಲ್ಲ ಎಂಬುದನ್ನು ಅರಿಜೋನಾ ಕೂಡ ತೋರಿಸಿತು. ಫೀನಿಕ್ಸ್‌ನಲ್ಲಿ ಟಿಎಸ್‌ಎಂಸಿ ಕಟ್ಟುತ್ತಿದ್ದ ಕಾರ್ಖಾನೆ 2024ರಲ್ಲಿ ಉತ್ಪಾದನೆ ಆರಂಭಿಸಬೇಕಿತ್ತು. ನುರಿತ ಕೆಲಸಗಾರರ ಕೊರತೆಯ ಕಾರಣ ನೀಡಿ ಕಂಪನಿ 2023ರ ಜುಲೈನಲ್ಲಿ ಅದನ್ನು 2025ಕ್ಕೆ ಮುಂದೂಡಿತು. ತೈವಾನ್‌ನಿಂದ ತಂತ್ರಜ್ಞರನ್ನು ಕರೆತರಲು ಹೊರಟಾಗ ಸ್ಥಳೀಯ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು, ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಕೊನೆಗೆ 4 ನ್ಯಾನೊಮೀಟರ್ ಉತ್ಪಾದನೆ ಆರಂಭವಾದದ್ದು ನಿಜ. ಆದರೆ ಅದು ತೈವಾನ್‌ನಲ್ಲಿ ಆಗಲೇ ಪಳಗಿದ್ದ ತಂತ್ರಜ್ಞಾನ, ಅದನ್ನು ನೆಲೆಗೊಳಿಸಿದವರಲ್ಲಿ ಅಲ್ಲಿಂದ ಬಂದವರು ಬಹಳ.

ಮೆಮೊರಿ ಚಿಪ್‌ಗಳಲ್ಲಿ ಕಥೆ ಇನ್ನಷ್ಟು ಚುರುಕಾಗಿ ನಡೆದಿದೆ. ಎಐ ಪ್ರೊಸೆಸರ್‌ಗಳ ಪಕ್ಕದಲ್ಲಿ ಕೂರುವ ಎಚ್‌ಬಿಎಂ ಮೆಮೊರಿಗೆ ಭವಿಷ್ಯವಿಲ್ಲವೆಂದು ಭಾವಿಸಿ ಸ್ಯಾಮ್‌ಸಂಗ್ 2019ರಲ್ಲಿ ತನ್ನ ಆ ತಂಡವನ್ನು ಚದುರಿಸಿತು ಎಂಬ ವರದಿಗಳಿವೆ. ತಂಡವನ್ನು ಉಳಿಸಿಕೊಂಡ ದಕ್ಷಿಣ ಕೊರಿಯಾದ ಇನ್ನೊಂದು ಕಂಪನಿ ಎಸ್‌ಕೆ ಹೈನಿಕ್ಸ್ ಎನ್ವಿಡಿಯಾದ ಪ್ರಮುಖ ಪೂರೈಕೆದಾರನಾಗಿ, 2025ರ ಮೊದಲ ತ್ರೈಮಾಸಿಕದಲ್ಲಿ ಕಂಪ್ಯೂಟರಿನ ಮುಖ್ಯ ಮೆಮೊರಿಯ ಬಗೆಯಾದ ಡಿರ್‍ಯಾಮ್ ವರಮಾನದಲ್ಲಿ ಸ್ಯಾಮ್‌ಸಂಗ್ ಅನ್ನು ಮೊದಲ ಬಾರಿಗೆ ಹಿಂದಿಕ್ಕಿತು. ಅದರ ಬೆನ್ನಿಗೇ ವೇತನದ ಪೈಪೋಟಿಯೂ ಬಂತು: ಕಾರ್ಯಾಚರಣೆಯ ಲಾಭದ ನೂರಕ್ಕೆ 10ರಷ್ಟನ್ನು ಬೋನಸ್ಸಿಗೆ ಮೀಸಲಿಡಲು ಹೈನಿಕ್ಸ್ ತನ್ನ ನೌಕರರ ಸಂಘದೊಂದಿಗೆ ಒಪ್ಪಿಕೊಂಡಿತು. ಹಿಂದಿನ ವರ್ಷವಷ್ಟೇ ತನ್ನ ಇತಿಹಾಸದ ಮೊದಲ ಮುಷ್ಕರ ಕಂಡಿದ್ದ ಸ್ಯಾಮ್‌ಸಂಗ್‌ಗೆ ಇದು ಹೊಸ ತಲೆನೋವು.

ಮತ್ತೆ ಇಂಟೆಲ್‌ಗೆ ಬರೋಣ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಕಂಪನಿಯ ಸುಮಾರು ನೂರಕ್ಕೆ 10ರಷ್ಟು ಪಾಲನ್ನು ಪಡೆಯಿತು, ಸೆಪ್ಟೆಂಬರ್‌ನಲ್ಲಿ ಹಳೆಯ ಪ್ರತಿಸ್ಪರ್ಧಿ ಎನ್ವಿಡಿಯಾವೇ 5 ಶತಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಇಂಟೆಲ್‌ನ ಹೊಸ ತಲೆಮಾರಿನ ತಯಾರಿಕಾ ವಿಧಾನವಾದ 18ಎ ತಂತ್ರಜ್ಞಾನದ ಉತ್ಪಾದನೆ ಅರಿಜೋನಾದಲ್ಲಿ ಶುರುವಾಗಿದೆ. ಆದರೆ ಎನ್ವಿಡಿಯಾದ ಒಪ್ಪಂದ ಎರಡೂ ಕಂಪನಿಗಳು ಸೇರಿ ಪ್ರೊಸೆಸರ್‌ಗಳನ್ನು ರೂಪಿಸುವ ಬಗ್ಗೆ. ತನ್ನ ಚಿಪ್‌ಗಳನ್ನು ಇಂಟೆಲ್ ಕಾರ್ಖಾನೆಯಲ್ಲಿ ಮಾಡಿಸುವ ಮಾತನ್ನು ಅದು ಆಗ ಕೊಡಲಿಲ್ಲ. ಮುಂದಿನ ಹಂತವಾದ 14ಎ ತಂತ್ರಜ್ಞಾನಕ್ಕೆ ಹೊರಗಿನ ದೊಡ್ಡ ಗ್ರಾಹಕರು ಸಿಗದಿದ್ದರೆ ಅದನ್ನು ನಿಲ್ಲಿಸಬೇಕಾಗಬಹುದು ಎಂದು ಇಂಟೆಲ್ ತಾನೇ ಜುಲೈನಲ್ಲಿ ಹೂಡಿಕೆದಾರರಿಗೆ ತಿಳಿಸಿತ್ತು.

ಹೀಗೆ ತಿಳಿಸಿದ ತಿಂಗಳಲ್ಲೇ, ಕಂಪನಿಯ ತಯಾರಿಕಾ ಸಂಶೋಧನೆಯ ಕೇಂದ್ರವಿರುವ ಆರೆಗನ್ ರಾಜ್ಯದಲ್ಲಿ ಸುಮಾರು 2,400 ಮಂದಿಗೆ ನೋಟಿಸ್ ಹೋಯಿತು. ಅದರಲ್ಲಿ ವ್ಯವಸ್ಥಾಪಕರ ಪದರಗಳೆಷ್ಟು, ಯಂತ್ರಗಳ ಮುಂದೆ ನಿಲ್ಲುತ್ತಿದ್ದ ಎಂಜಿನಿಯರ್‌ಗಳು ಮತ್ತು ತಂತ್ರಜ್ಞರೆಷ್ಟು ಎಂಬುದೇ ಗ್ರಾಹಕನಾಗಬಯಸುವ ಯಾವ ಕಂಪನಿಗಾದರೂ ಮುಖ್ಯ ಪ್ರಶ್ನೆ. ಚಿಪ್ ಕಂಪನಿಯೊಂದು ತನ್ನ ವಿನ್ಯಾಸವನ್ನು ಹೊಸ ತಯಾರಕನ ಕೈಗೆ ಒಪ್ಪಿಸಿದರೆ ಫಲ ಕಾಣಲು ಎರಡು ಮೂರು ವರ್ಷ ಬೇಕು, ಅಷ್ಟು ವರ್ಷವೂ ಅದೇ ಜನ ಅಲ್ಲಿರುತ್ತಾರೆಯೇ ಎಂದು ಅದು ಕೇಳಿಯೇ ಕೇಳುತ್ತದೆ. ಗ್ರಾಹಕರು ಬಂದರೆ ತಂಡ ಉಳಿಯುತ್ತದೆ, ತಂಡ ಉಳಿಯುವ ಖಾತ್ರಿ ಇದ್ದರೆ ಮಾತ್ರ ಗ್ರಾಹಕರು ಬರುತ್ತಾರೆ. ಸರ್ಕಾರದ ಪಾಲುದಾರಿಕೆ ಆ ಖಾತ್ರಿಯ ಹಣಕಾಸಿನ ಭಾಗವನ್ನು ಮಾತ್ರ ಒದಗಿಸಿದೆ.